ಹಿಮನದಿ ಏರದ ಬೆಟ್ಟದಲ್ಲಿ ಹಿಮಯುಗದ ಹುಲ್ಲು

ಮಳೆಗಾಲ ಕಳೆದ ಒಂದು ತಿಳಿಯಾದ ಬೆಳಗ್ಗೆ ಉಜಿರೆಯ ಪೇಟೆಯಲ್ಲಿ ನಿಂತು ಈಶಾನ್ಯದ ಕಡೆಗೆ ಕಣ್ಣು ಹಾಯಿಸಿದವರಿಗೆ ಘಟ್ಟದ ಗೋಡೆಯು ಎರಡು ಬಣ್ಣಗಳಲ್ಲಿ ಕಾಣಿಸುತ್ತದೆ. ಬುಡದಿಂದ ಬಹುದೂರ ಮೇಲಿನವರೆಗೆ ಕಪ್ಪನೆಯ ಕಾಡು. ಅದರ ನೆತ್ತಿಯಲ್ಲಿ, ಆಕಾಶಕ್ಕೆ ತಾಗಿದಂತೆ, ತಿಳಿಹಸುರಿನ ಬೋಳುಗುಡ್ಡಗಳ ಸಾಲು. ಹುಟ್ಟಿದಂದಿನಿಂದ ನೋಡುತ್ತ ಬಂದ ನೋಟವಾದುದರಿಂದ ಈ ಸೀಮೆಯವರಿಗೆ ಇದರಲ್ಲಿ ವಿಶೇಷವೇನೂ ತೋರುವುದಿಲ್ಲ. ಎತ್ತರಕ್ಕೆ ಹೋದಂತೆ ಚಳಿ ಹೆಚ್ಚುತ್ತದೆ, ಚಳಿಯಲ್ಲಿ ಮರ ಬೆಳೆಯುವುದಿಲ್ಲ, ಆದುದರಿಂದ ಬೆಟ್ಟದ ತಲೆ ಬೋಳು ಎಂದು ಕೇಳಿದವರಿಗೆ ಉತ್ತರ ಹೇಳಿಬಿಡುತ್ತೇವೆ.

ಈ ಉತ್ತರ ಲೆಕ್ಕಕ್ಕೆ ನಿಲ್ಲುವುದಿಲ್ಲ. ಭೂಮಧ್ಯರೇಖೆಯ ಹತ್ತಿರದಲ್ಲಿರುವ ಆಫ್ರಿಕದ ಕಿಲಿಮಂಜಾರೊ ಪರ್ವತದಲ್ಲಿ ಸುಮಾರು 3,000 ಮೀಟರುಗಳವರೆಗೂ ದಟ್ಟವಾದ ಕಾಡಿದೆ. ನಮ್ಮ ಬೆಟ್ಟದ ಸಾಲು ಅದರ ಅರ್ಧದಷ್ಟು ಎತ್ತರವೂ ಇಲ್ಲದ ಕಡೆಗಳಲ್ಲಿಯೇ ಬೋಳಾಗಿದೆ. ಉಷ್ಣವಲಯದ ಬೆಟ್ಟದಲ್ಲಿ, ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರು ಮಳೆ ಸುರಿಯುವ ಎಡೆಯಲ್ಲಿ, 1,500 ಮೀಟರಿಗೆ ಮರಗಳು ನಿಂತುಬಿಡಲು ಚಳಿಯೊಂದೇ ಕಾರಣವಾಗಲಾರದು. ಹಾಗಾದರೆ ಕಾರಣವೇನು? ಇದನ್ನು ಅರಿಯಲು ಬೆಟ್ಟದ ಬೆನ್ನಿನ ಮೇಲೆ ಒಂದು ಹಗಲು ನಡೆಯುವುದು ಒಳ್ಳೆಯ ಉಪಾಯ.

ಐರೋಪ್ಯ ದೇಶಗಳ ವಿದ್ಯಾರ್ಥಿಗಳಿಗೆ ಇಂತಹ ನಡಿಗೆ ಪಾಠದ ಒಂದು ಭಾಗವೇ ಆಗಿರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಆಲೆಚ್ ಎಂಬ ಹಿಮನದಿಯಿದೆ. ಇಪ್ಪತ್ತು ಕಿಲೋಮೀಟರುಗಳಷ್ಟು ಉದ್ದದ ಅದು ಆಲ್ಪ್ಸ್ ಪರ್ವತಗಳಲ್ಲಿ ಎಲ್ಲಕ್ಕೂ ದೊಡ್ಡದು. ಶರತ್ಕಾಲದಲ್ಲಿ ಲಾರ್ಚ್ ಮರಗಳ ಎಲೆ ಬಂಗಾರದ ಬಣ್ಣಕ್ಕೆ ತಿರುಗುವಾಗ ಅದರ ಪಕ್ಕದ ಏಣಿನ ಮೇಲೆ ನಡೆದುಹೋಗುವವರಿಗೆ, ಕಣಿವೆಯ ಗೋಡೆಯಲ್ಲಿ ಒಂದು ಗೆರೆ ಎದ್ದು ಕಾಣುತ್ತದೆ. ಗೆರೆಯ ಮೇಲೆ ಹಳೆಯ ಕಾಡು, ಕೆಳಗೆ ಬೋಳು ಬಂಡೆ ಮತ್ತು ಎಳೆಯ ಗಿಡ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹಿಮವು ಅಲ್ಲಿಯವರೆಗೆ ತುಂಬಿತ್ತು. ಈಗ ಕೆಳಕ್ಕೆ ಕುಗ್ಗಿಹೋಗಿದೆ. ಭೂಮಿಯ ಹವೆಯ ಚರಿತ್ರೆಯನ್ನು ಅಲ್ಲಿ ಬರಿಗಣ್ಣಿನಿಂದ ಓದಬಹುದು. ನಮ್ಮ ಘಟ್ಟದಲ್ಲಿ ಹಿಮನದಿಯಿಲ್ಲ. ಆದರೂ ಇಲ್ಲಿಯ ಏಣಿನ ಮೇಲೂ ಹಿಮಯುಗದ ಗೆರೆಯೊಂದು ಉಂಟು. ಅದು ಬಂಡೆಯಲ್ಲಿಲ್ಲ, ಹುಲ್ಲಿನಲ್ಲಿದೆ.

ನಾವು ಆರಿಸಿಕೊಂಡದ್ದು ಬಲ್ಲಾಳರಾಯನ ದುರ್ಗದಿಂದ ಬಂಡಾಜೆ ಅರ್ಬಿಯ ನೆತ್ತಿಯವರೆಗಿನ ಏಣು. ಉಜಿರೆಯಿಂದ ನೋಡಿದರೆ ಎದುರಿಗೆ ಕಾಣುವ ಸಾಲೇ ಇದು. ತುಳುವಿನಲ್ಲಿ ಅರ್ಬಿ ಎಂದರೆ ಜಲಪಾತ. ಕೆಳಗಿನಿಂದ ನೇರವಾಗಿ ಹತ್ತುವ ಹಾದಿಯೂ ಇದೆ. ಆದರೆ ಅದು ಬಹಳ ಕಡಿದು, ಹಗಲೆಲ್ಲ ಹತ್ತುವುದರಲ್ಲಿಯೇ ಕಳೆದುಹೋಗುತ್ತದೆ. ಆದಕಾರಣ ನಾವು ಚಾರ್ಮಾಡಿ ಘಾಟಿಯನ್ನು ವಾಹನದಲ್ಲಿ ಏರಿ, ಕೊಟ್ಟಿಗೆಹಾರವನ್ನು ದಾಟಿ (ಅಲ್ಲಿಯ ನೀರುದೋಸೆಯ ಖ್ಯಾತಿ ಸುಳ್ಳಲ್ಲ), ಕಳಸದ ದಾರಿಯಲ್ಲಿ ಸುಂಕಸಾಲೆಗೆ ಬಂದು, ಕಾಫಿತೋಟಗಳ ನಡುವೆ ದುರ್ಗದಹಳ್ಳಿಯ ಕಡೆಯಿಂದ ನಡಿಗೆಯನ್ನು ಆರಂಭಿಸಿದೆವು. ಅರಣ್ಯ ಇಲಾಖೆಯ ಅನುಮತಿ ಮತ್ತು ದಾರಿ ಬಲ್ಲ ಸ್ಥಳೀಯರೊಬ್ಬರ ಜೊತೆ ಇಲ್ಲದೆ ಇಲ್ಲಿ ಕಾಲಿಡತಕ್ಕದ್ದಲ್ಲ. ಮಂಜು ಕವಿದರೆ ಹತ್ತು ಮಾರಿನ ಆಚೆ ಪ್ರಪಾತವಿದೆಯೋ ಹುಲ್ಲಿದೆಯೋ ತಿಳಿಯುವುದಿಲ್ಲ.

ಕಾಲವೂ ಮುಖ್ಯ. ತುಳುವರು ಬೊಂತೆಲ್ ಎಂದು ಕರೆಯುವ ತಿಂಗಳು, ಅಂದರೆ ಅಕ್ಟೋಬರದ ಕೊನೆ, ನವೆಂಬರದ ಮೊದಲು, ಈ ನಡಿಗೆಗೆ ಹೇಳಿ ಮಾಡಿಸಿದ್ದು. ನೈಋತ್ಯ ಮಾರುತ ಹಿಂದೆಗೆದಿರುತ್ತದೆ. ನಾಲ್ಕು ತಿಂಗಳ ಮಳೆ ಗಾಳಿಯೊಳಗಿನ ಧೂಳನ್ನೆಲ್ಲ ತೊಳೆದಿರುವುದರಿಂದ ದೃಷ್ಟಿ ಬಹುದೂರ ಹರಿಯುತ್ತದೆ. ಹುಲ್ಲಿನ ತುದಿ ಹಳದಿಗೆ ತಿರುಗುತ್ತಿದ್ದರೂ ಬುಡದಲ್ಲಿ ಇನ್ನೂ ಹಸುರಿರುತ್ತದೆ. ಉಂಬುಳಗಳ ಕಾಟ ಪೂರ್ತಿ ತೀರಿರುವುದಿಲ್ಲವೆಂಬುದನ್ನು ಮಾತ್ರ ಮರೆಯಬಾರದು. ನಮ್ಮಲ್ಲಿ ಒಬ್ಬಿಬ್ಬರು ಹೊಗೆಸೊಪ್ಪಿನ ನೀರನ್ನು ಕಾಲಿಗೆ ಬಳಿದುಕೊಂಡೇ ಬಂದಿದ್ದರು.

ತೋಟ ಕಳೆದ ಕೂಡಲೇ ಒಂದು ಕಣಿವೆಯ ಮಡಿಕೆಯಲ್ಲಿ ಶೋಲಾ ಕಾಡು ಎದುರಾಗುತ್ತದೆ. ಹೊರಗಿನಿಂದ ನೋಡಿದರೆ ಇದು ಒತ್ತಾಗಿ ಜೋಡಿಸಿಟ್ಟ ಹೂಕೋಸಿನಂತೆ ತೋರುತ್ತದೆ: ಮರಗಳೆಲ್ಲ ಕುಳ್ಳು, ತಲೆಗಳೆಲ್ಲ ಒಂದೇ ಮಟ್ಟ. ಗಾಳಿಯ ಹೊಡೆತಕ್ಕೆ ಸಿಕ್ಕಿ ಯಾವ ಕೊಂಬೆಯೂ ಉಳಿದವನ್ನು ಮೀರಿ ತಲೆಯೆತ್ತುವಂತಿಲ್ಲ. ಒಳಗೆ ಹೊಕ್ಕರೆ ಬೇರೆಯೇ ಲೋಕ. ನೇರಳೆಯ ಜಾತಿಯ ಮರಗಳು, ದಾಲ್ಚಿನ್ನಿಯ ಬಳಗದವು. ಕಾಂಡಗಳಿಗೆಲ್ಲ ಹಾವಸೆಯ ಹೊದಿಕೆ, ಅದರಲ್ಲಿ ಬೇರೂರಿದ ಸೀತಾಳೆ ಗಿಡಗಳು, ಕಾಲಡಿಯಲ್ಲಿ ಮೊಣಕಾಲು ಮುಟ್ಟುವ ಜರಿಗಿಡ ಮತ್ತು ಸದ್ದಿಲ್ಲದೆ ಹರಿಯುವ ನೀರು. ಬಿಸಿಲು ನೆಲವನ್ನು ಮುಟ್ಟುವುದೇ ಇಲ್ಲ. ಹೀಗೆ ಇನ್ನೂರು ಹೆಜ್ಜೆ ನಡೆದಿರುವೆವೋ ಇಲ್ಲವೋ, ಬಾಗಿಲು ತೆರೆದಂತೆ ಕಾಡು ಮುಗಿದುಹೋಗಿ, ಕಣ್ಣು ಕುಕ್ಕುವ ಬೆಳಕಿನಲ್ಲಿ ಹುಲ್ಲುಗುಡ್ಡ ತೆರೆದುಕೊಳ್ಳುತ್ತದೆ.

ಈ ಅಂಚನ್ನು ವಾಚಕರು ಗಮನಿಸಬೇಕು. ಸಾಮಾನ್ಯವಾಗಿ ಕಾಡು ಮುಗಿಯುವಾಗ ಮರಗಳು ವಿರಳವಾಗುತ್ತ, ಪೊದೆಗಳಾಗುತ್ತ, ಮೆಲ್ಲನೆ ಬಯಲಾಗುತ್ತದೆ. ಇಲ್ಲಿ ಹಾಗಲ್ಲ. ಒಂದು ಕಾಲು ಕಾಡಿನಲ್ಲಿ, ಒಂದು ಕಾಲು ಹುಲ್ಲಿನಲ್ಲಿ ಇಟ್ಟು ನಿಲ್ಲಬಹುದು. ಅಕ್ಕಪಕ್ಕದಲ್ಲಿ ಒಂದೇ ಮಳೆ, ಒಂದೇ ಬಿಸಿಲು. ಆದರೂ ಎರಡು ಬಗೆಯ ಸಸ್ಯಕುಲಗಳು ಬೇಲಿ ಹಾಕಿಕೊಂಡಂತೆ ತಮ್ಮ ತಮ್ಮ ಎಡೆಯಲ್ಲಿ ನಿಂತಿವೆ. ಪಶ್ಚಿಮಘಟ್ಟದ ಸಸ್ಯವಿಜ್ಞಾನದಲ್ಲಿ ಬಹಳ ಕಾಲ ಜಗಳಕ್ಕೆ ಕಾರಣವಾದುದು ಈ ಬೇಲಿಯೇ.

ದುರ್ಗದ ಕೋಟೆಯನ್ನು ಹೊಯ್ಸಳರ ಕಾಲದ್ದೆಂದು ಹೇಳುತ್ತಾರೆ. ಉಳಿದಿರುವುದು ಕಲ್ಲಿನ ಗೋಡೆಗಳ ಮುರುಕು ಮಾತ್ರ. ಕಟ್ಟಿದವರ ಜಾಣ್ಮೆಯನ್ನು ಮೆಚ್ಚಲೇಬೇಕು. ಸುಮಾರು 1,500 ಮೀಟರು, ಅಂದರೆ ಐದು ಸಾವಿರ ಅಡಿಗಳ ಆಸುಪಾಸಿನ ಈ ನೆತ್ತಿಯಿಂದ ಕರಾವಳಿಯೂ ಮಲೆನಾಡೂ ಒಟ್ಟಿಗೆ ಕಾಣುತ್ತವೆ. ಆದರೆ ಕೋಟೆಗಿಂತ ದೊಡ್ಡ ಎಲ್ಲೆಯೊಂದು ಇಲ್ಲಿ ಹಾದುಹೋಗಿದೆ. ಏಣಿನ ಪಶ್ಚಿಮಕ್ಕೆ ಬಿದ್ದ ಮಳೆಹನಿ ಬಂಡಾಜೆಯಂತಹ ಹಳ್ಳಗಳಲ್ಲಿ ಧುಮುಕಿ, ನೇತ್ರಾವತಿಯನ್ನು ಸೇರಿ, ಮಂಗಳೂರಿನ ಬಳಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಪೂರ್ವದಲ್ಲಿ, ಇದೇ ದುರ್ಗದ ಬುಡದ ಜಾವಳಿಯ ಹತ್ತಿರ ಹೇಮಾವತಿಯು ಹುಟ್ಟುತ್ತದೆ. ಅದರ ನೀರು ಗೊರೂರಿನ ಅಣೆಕಟ್ಟನ್ನೂ ಕೃಷ್ಣರಾಜಸಾಗರವನ್ನೂ ಕಂಡು, ಕಾವೇರಿಯೊಡನೆ ತಮಿಳುನಾಡನ್ನೆಲ್ಲ ಹಾದು ಬಂಗಾಳಕೊಲ್ಲಿಗೆ ಹೋಗುತ್ತದೆ. ಒಂದೇ ಮೋಡದಿಂದ ಒಂದೇ ಕ್ಷಣದಲ್ಲಿ ಬಿದ್ದ ಎರಡು ಹನಿಗಳಿಗೆ ನಾಲ್ಕಾರು ಅಡಿಗಳ ಅಂತರದಿಂದ ಇಷ್ಟೊಂದು ಬೇರೆಯಾದ ಪ್ರಯಾಣ!

ಕೋಟೆಯ ಗೋಡೆಯ ಬಳಿ ನಿಂತು ಪಶ್ಚಿಮಕ್ಕೆ ನೋಡಿದೆವು. ಕೆಳಗೆ ಬೆಳ್ತಂಗಡಿಯ ಸೀಮೆ, ಅಡಿಕೆ ತೋಟಗಳ ಕಡುಹಸುರಿನ ಪಟ್ಟಿಗಳು, ಅವುಗಳ ನಡುವೆ ಹೆಬ್ಬಂಡೆಯಂತೆ ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಸುಲ್ತಾನನು ಅದರ ಮೇಲೆ ಜಮಾಲಾಬಾದಿನ ಕೋಟೆಯನ್ನು ಕಟ್ಟಿಸಿದನು. ಅದರ ಆಚೆ ಬಯಲು ಮಸುಕಾಗುತ್ತ ಹೋಗಿ, ಕೊನೆಯಲ್ಲಿ ಬೆಳ್ಳಿಯ ಎಳೆಯಂತಹ ಹೊಳಪು. ಅದು ಸಮುದ್ರವೇ ಹೌದೇ ಎಂದು ನಮ್ಮಲ್ಲಿ ವಾದ ನಡೆಯಿತು. ಲೆಕ್ಕ ಹಾಕಿದರೆ ವಾದಕ್ಕೆ ಎಡೆಯಿಲ್ಲ. ಭೂಮಿ ದುಂಡಗಿರುವುದರಿಂದ 1,500 ಮೀಟರು ಎತ್ತರದಲ್ಲಿ ನಿಂತವನಿಗೆ ದಿಗಂತವು ಸುಮಾರು 138 ಕಿಲೋಮೀಟರು ದೂರದಲ್ಲಿರುತ್ತದೆ. ಕಡಲತೀರವಾದರೋ ಇಲ್ಲಿಂದ ನೇರಗೆರೆಯಲ್ಲಿ ಎಪ್ಪತ್ತು ಕಿಲೋಮೀಟರುಗಳ ಆಸುಪಾಸು. ಗಾಳಿ ತಿಳಿಯಾಗಿದ್ದರೆ ಸಮುದ್ರ ಕಾಣಲೇಬೇಕು.

ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಇದೇ ಎಡೆಯಲ್ಲಿ ನಿಂತಿದ್ದರೆ ಆ ಬೆಳ್ಳಿಯ ಎಳೆ ಇನ್ನೂ ಬಹುದೂರದಲ್ಲಿ ಇರುತ್ತಿತ್ತು. ಅದು ಕೊನೆಯ ಹಿಮಯುಗದ ಅತಿ ಚಳಿಯ ಕಾಲ. ಕೆನಡಾ ದೇಶವನ್ನೂ ಉತ್ತರ ಯೂರೋಪನ್ನೂ ಮುಚ್ಚಿದ್ದ ಹಿಮದ ಹಾಳೆ ಕೆಲವೆಡೆ ಮೂರು ಕಿಲೋಮೀಟರು ದಪ್ಪವಾಗಿತ್ತು. ಅಷ್ಟೊಂದು ನೀರು ನೆಲದ ಮೇಲೆ ಗಡ್ಡೆಕಟ್ಟಿ ಕುಳಿತುದರಿಂದ ಜಗತ್ತಿನ ಸಮುದ್ರಗಳೆಲ್ಲ ಈಗಿನ ಮಟ್ಟಕ್ಕಿಂತ ಸುಮಾರು 120 ಮೀಟರು ತಗ್ಗಿಹೋಗಿದ್ದವು. ಮಂಗಳೂರಿನ ತೀರವು ಹತ್ತಾರು ಕಿಲೋಮೀಟರು ಪಶ್ಚಿಮಕ್ಕೆ ಸರಿದಿತ್ತು. ಇಂದು ಬೆಸ್ತರು ಬಲೆ ಬೀಸುವ ಎಡೆಯಲ್ಲಿ ಅಂದು ಒಣನೆಲವಿತ್ತು. ಹಿಮನದಿ ಇಲ್ಲಿಗೆ ಬರಲಿಲ್ಲ, ಆದರೆ ಅದರ ಕೆಲಸ ಇಲ್ಲಿಯವರೆಗೆ ಮುಟ್ಟಿತು.

ಬರಲಿಲ್ಲವೆಂದು ಇಷ್ಟು ಖಚಿತವಾಗಿ ಹೇಳುವುದು ಹೇಗೆ? ಮೇಲೇರಿದಂತೆ ಸಾವಿರ ಮೀಟರಿಗೆ ಸರಾಸರಿ ಆರು ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಉಜಿರೆಗಿಂತ ಈ ದುರ್ಗ ಎಂಟು ಡಿಗ್ರಿಯಷ್ಟು ತಂಪಾಗಿರುವುದು ಇದರಿಂದಲೇ. ಕರಾವಳಿಯ ಸರಾಸರಿ ಉಷ್ಣತೆ 27 ಡಿಗ್ರಿಯ ಸುಮಾರು ಎಂದಿಟ್ಟುಕೊಂಡರೆ ಅದು ಸೊನ್ನೆಗೆ ಇಳಿಯಬೇಕಾದರೆ ನಾಲ್ಕೂವರೆ ಸಾವಿರ ಮೀಟರು ಏರಬೇಕು. ಹಿಮಯುಗದಲ್ಲಿ ಉಷ್ಣವಲಯದ ಪರ್ವತಗಳ ಹಿಮರೇಖೆಯು ಸುಮಾರು ಒಂದು ಸಾವಿರ ಮೀಟರು ಕೆಳಗಿಳಿದಿತ್ತು. ಅದನ್ನು ಕಳೆದರೂ ಮೂರೂವರೆ ಸಾವಿರ ಉಳಿಯುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರಿನಷ್ಟು, ಕುದುರೆಮುಖ 1,894, ಪಶ್ಚಿಮಘಟ್ಟಗಳಿಗೆಲ್ಲ ಒಡೆಯನಾದ ಕೇರಳದ ಆನೆಮುಡಿ ಕೂಡ 2,695. ಯಾವುದೂ ಸಾಲದು.

ಲೆಕ್ಕವನ್ನು ನಂಬದವರು ಬಂಡೆಗಳನ್ನು ಕೇಳಬಹುದು. ಹಿಮನದಿ ಹರಿದ ಕಡೆ ಕಣಿವೆ ತೊಟ್ಟಿಲಿನಂತೆ ಅಗಲವಾಗಿ, ಗೋಡೆಗಳು ಕಡಿದಾಗಿ ಇರುತ್ತವೆ. ಬಂಡೆಗಳ ಮೇಲೆ ಉಳಿಯಿಂದ ಎಳೆದಂತೆ ಸಮಾನಾಂತರ ಗೀರುಗಳಿರುತ್ತವೆ. ಎಲ್ಲಿಂದಲೋ ತಂದು ಹಾಕಿದ ಪರವೂರಿನ ಕಲ್ಲುಗಳು ಬಯಲಿನಲ್ಲಿ ಬಿದ್ದಿರುತ್ತವೆ. ಆಲ್ಪ್ಸಿನ ಇಂತಹ ಕಲ್ಲುಗಳ ಒಳಗುಟ್ಟನ್ನು ಮೊದಲು ಹೇಳಿದವರಲ್ಲಿ ಪೆರಾಡಿನ್ ಎಂಬ ಬೇಟೆಗಾರನೊಬ್ಬನಿದ್ದನು. ಹಿಂದೆ ಹಿಮನದಿಗಳು ಕಣಿವೆಯ ಕೆಳಗಿನವರೆಗೂ ಬಂದಿದ್ದುವೆಂದು ಆತನು 1815ರಲ್ಲಿ ಹೇಳಿದಾಗ ಕೇಳಿದ ಪಂಡಿತರು ನಂಬಲಿಲ್ಲ. 1837ರಲ್ಲಿ ಲೂಯಿ ಅಗಾಸಿ ಎಂಬ ವಿಜ್ಞಾನಿಯು ಅದನ್ನೇ ವಿದ್ವತ್ಸಭೆಯ ಮುಂದೆ ಹಿಮಯುಗದ ಸಿದ್ಧಾಂತವಾಗಿ ಮಂಡಿಸಿದನು. ನಮ್ಮ ಏಣಿನಲ್ಲಿ ಗೀರೂ ಇಲ್ಲ, ಪರವೂರಿನ ಕಲ್ಲೂ ಇಲ್ಲ. ಕಣಿವೆಗಳು ನೀರು ಕೊರೆದವು. ಗುಡ್ಡಗಳ ನುಣ್ಣನೆಯ ಬೆನ್ನು ಕೋಟ್ಯಂತರ ವರ್ಷಗಳ ಮಳೆ ಬಿಸಿಲುಗಳ ಸವೆತ. (ಭಾರತದ ಬಯಲುನೆಲಕ್ಕೆ ಹಿಮ ಬಂದೇ ಇಲ್ಲವೆಂದು ಮಾತ್ರ ಯಾರೂ ತಿಳಿಯಬಾರದು. ಒಡಿಶಾದ ತಾಲ್ಚೇರಿನ ಹಳೆಯ ಕಲ್ಲುಗುಂಡುಗಳ ಪದರ ಹಿಮನದಿಯ ಕೆಲಸವೆಂದು 1856ರಷ್ಟು ಹಿಂದೆಯೇ ಗುರುತಿಸಲ್ಪಟ್ಟಿತು. ಅದು ಮೂವತ್ತು ಕೋಟಿ ವರ್ಷಗಳ ಹಿಂದಿನ ಮಾತು. ಆಗ ನಮ್ಮ ನೆಲವು ದಕ್ಷಿಣಧ್ರುವದ ನೆರೆಯಲ್ಲಿತ್ತು.)

ಇನ್ನು ಮರವಿಲ್ಲದ ಗುಡ್ಡದ ಪ್ರಶ್ನೆಗೆ ಬರೋಣ. ಈ ಬಗೆಯ ಶೋಲಾ ಮತ್ತು ಹುಲ್ಲುಗಾವಲು ಎಲ್ಲಕ್ಕಿಂತ ವಿಸ್ತಾರವಾಗಿದ್ದುದು ನೀಲಗಿರಿಯಲ್ಲಿ. ಅಲ್ಲಿಯದನ್ನು ಕುರಿತು 1938ರಲ್ಲಿ ಇಬ್ಬರು ಅರಣ್ಯತಜ್ಞರು ಎರಡು ಬೇರೆ ಬೇರೆ ಉತ್ತರಗಳನ್ನು ಕೊಟ್ಟರು. ಸಿ. ಆರ್. ರಂಗನಾಥನ್ ಅವರು ಇದು ಹವೆಯ ಕೆಲಸವೆಂದರು: ಬಯಲಿನಲ್ಲಿ ಇರುಳು ಬೀಳುವ ಹಿಮಮಣಿಯು ಶೋಲಾದ ಎಳೆಯ ಸಸಿಗಳನ್ನು ಸುಟ್ಟುಬಿಡುತ್ತದೆ, ಹುಲ್ಲು ತಡೆದುಕೊಳ್ಳುತ್ತದೆ, ಆದುದರಿಂದ ಹುಲ್ಲುಗಾವಲು ಕಾಡಿನಷ್ಟೇ ಸಹಜವಾದುದು. ಎನ್. ಎಲ್. ಬೋರ್ ಅವರಾದರೋ ಮನುಷ್ಯನ ಕಡೆಗೆ ಬೆರಳು ತೋರಿದರು: ಬೆಂಕಿ ಮತ್ತು ದನಕರುಗಳ ಮೇವು ಕಾಡನ್ನು ಹಿಂದಕ್ಕೆ ಸರಿಸಿವೆ, ಬಿಟ್ಟರೆ ಕಾಡು ಮರಳಿ ಬರುತ್ತದೆ. ಇದು ಬರಿಯ ಪಂಡಿತರ ಜಗಳವೆಂದು ಭಾವಿಸಬಾರದು. ಮೊದಲನೆಯ ಉತ್ತರ ಸರಿಯಾದರೆ ಹುಲ್ಲುಗುಡ್ಡವನ್ನು ಹುಲ್ಲುಗುಡ್ಡವಾಗಿಯೇ ಕಾಪಾಡಬೇಕು. ಎರಡನೆಯದು ಸರಿಯಾದರೆ ಅದು ಕೆಟ್ಟುಹೋದ ಕಾಡು; ಅಲ್ಲಿ ಮರ ನೆಡುವುದೇ ಪುಣ್ಯಕಾರ್ಯ.

ಜಗಳವನ್ನು ಬಹುಮಟ್ಟಿಗೆ ತೀರಿಸಿದ್ದು ಕೆಸರು. ನೀಲಗಿರಿಯ ತಗ್ಗುಗಳಲ್ಲಿ, ನೀರು ನಿಂತು ಗಾಳಿಯಾಡದ ಎಡೆಗಳಲ್ಲಿ, ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪೀಟ್ ಎಂಬ ಕಪ್ಪು ಜೌಗುಮಣ್ಣಾಗಿ ಪದರ ಪದರವಾಗಿ ಶೇಖರವಾಗಿವೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಪದರದ ವಯಸ್ಸನ್ನು ವಿಕಿರಣಶೀಲ ಇಂಗಾಲದಿಂದ ಅಳೆಯಬಹುದು. ಆದರೆ ಆ ಕಪ್ಪು ಮಣ್ಣು ಹಿಂದೆ ಮರವಾಗಿತ್ತೋ ಹುಲ್ಲಾಗಿತ್ತೋ ಎಂದು ತಿಳಿಯುವುದು ಹೇಗೆ?

ಇಲ್ಲಿ ಸಸ್ಯಗಳ ಅಡುಗೆಮನೆಯ ಒಂದು ಗುಟ್ಟು ನೆರವಿಗೆ ಬರುತ್ತದೆ. ಎಲ್ಲ ಹಸುರು ಗಿಡಗಳೂ ಗಾಳಿಯ ಇಂಗಾಲಾಮ್ಲದಿಂದಲೇ ಸಕ್ಕರೆಯನ್ನು ಮಾಡಿಕೊಳ್ಳುತ್ತವೆಯಾದರೂ ಎಲ್ಲವೂ ಒಂದೇ ರೀತಿಯಲ್ಲಿ ಮಾಡುವುದಿಲ್ಲ. ಮರಗಳು, ಭತ್ತ, ಅಡಿಕೆ, ತೆಂಗು ಇವೆಲ್ಲ ಹಳೆಯ ಕ್ರಮವನ್ನು ಅನುಸರಿಸುತ್ತವೆ. ಕಬ್ಬು, ಜೋಳ, ರಾಗಿ ಮತ್ತು ಉಷ್ಣವಲಯದ ಬಹುಪಾಲು ಹುಲ್ಲುಗಳು ಬೇರೊಂದು ಕ್ರಮವನ್ನು ಹಿಡಿದಿವೆ. ಇಂಗಾಲಾಮ್ಲವನ್ನು ಮೊದಲು ಒಂದು ಕೋಣೆಯಲ್ಲಿ ಹಿಡಿದಿಟ್ಟು, ಒತ್ತಾಗಿಸಿ, ಆಮೇಲೆ ಇನ್ನೊಂದು ಕೋಣೆಯಲ್ಲಿ ಸಕ್ಕರೆ ಮಾಡುತ್ತವೆ. ಕಬ್ಬಿನಲ್ಲಿ ಈ ಎರಡನೆಯ ಕ್ರಮದ ವಿವರವನ್ನು ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಆಸ್ಟ್ರೇಲಿಯದಲ್ಲಿ ಪ್ರಕಟಿಸಿದರು. ಗಾಳಿಯಲ್ಲಿರುವ ಇಂಗಾಲದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ತುಸು ಭಾರವಾದ ಬಗೆಯದು, ಅಂದರೆ ಇಂಗಾಲ-13. ಹಳೆಯ ಕ್ರಮದ ಗಿಡಗಳು ಈ ಭಾರದ ಇಂಗಾಲವನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಹುಲ್ಲಿನ ಕ್ರಮದವು ಅಷ್ಟಾಗಿ ಬಿಡುವುದಿಲ್ಲ. ಗೊತ್ತಾದ ಒಂದು ಸುಣ್ಣಕಲ್ಲಿನ ಮಾನದಂಡಕ್ಕೆ ಹೋಲಿಸಿದರೆ ಮರದಲ್ಲಿ ಅದು ಸಾವಿರಕ್ಕೆ 27ರಷ್ಟು ಕೊರೆ, ಹುಲ್ಲಿನಲ್ಲಿ ಸಾವಿರಕ್ಕೆ 12ರಷ್ಟು ಕೊರೆ. ಗಿಡ ಸತ್ತು ಮಣ್ಣಾದ ಮೇಲೂ ಈ ಗುರುತು ಅಳಿಯುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರೂ ಸಂಗಡಿಗರೂ ನೀಲಗಿರಿಯ ಜೌಗುಮಣ್ಣನ್ನು ಹೀಗೆ ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 1997ರಲ್ಲಿ ಈ ದಾಖಲೆಯು ನಲವತ್ತು ಸಾವಿರ ವರ್ಷಗಳ ಹಿಂದಕ್ಕೆ ವಿಸ್ತರಿಸಿತು. ಹಿಮಯುಗವು ಅತ್ಯಂತ ಕಠಿಣವಾಗಿದ್ದ ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದಿನ ಪದರದಲ್ಲಿ ಹುಲ್ಲಿನ ಗುರುತೇ ಪ್ರಬಲವಾಗಿತ್ತು. ಆಗ ಮುಂಗಾರು ಸೊರಗಿತ್ತು, ಹವೆ ಒಣಗಿತ್ತು. ಹಿಮಯುಗ ಹಿಂದೆಗೆದು ಮುಂಗಾರು ಚೇತರಿಸಿಕೊಂಡಾಗ ಮರಗಳ ಗುರುತು ಹೆಚ್ಚಿತು; ಮಧ್ಯದಲ್ಲಿ ಮತ್ತೆ ಒಣಗಾಲ ಬಂದಾಗ ಹುಲ್ಲು ಮುಂದೆ ಬಂದಿತು. ಕಾಡೂ ಹುಲ್ಲೂ ಸಹಸ್ರಮಾನಗಳುದ್ದಕ್ಕೂ ಒಂದನ್ನೊಂದು ತಳ್ಳುತ್ತ ಬಂದಿವೆ. ಕೊಡಲಿಯೂ ದನದ ಮಂದೆಯೂ ಬೆಟ್ಟವನ್ನು ಏರುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ಹುಲ್ಲುಗಾವಲಿತ್ತು ಎಂಬುದು ಇದರಿಂದ ಸಿದ್ಧವಾಯಿತು.

ನೀಲಗಿರಿಯ ತೀರ್ಪನ್ನು ಹಾಗೆಯೇ ತಂದು ಬಲ್ಲಾಳರಾಯನ ದುರ್ಗಕ್ಕೆ ಅಂಟಿಸುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಅಲ್ಲಿಯ ಹುಲ್ಲುಗಾವಲು ಎರಡು ಸಾವಿರ ಮೀಟರಿಗೂ ಮೇಲಿನದು. ಅಲ್ಲಿ ಪ್ರತಿವರ್ಷ ಹಿಮಮಣಿ ಬೀಳುತ್ತದೆ. ಇಲ್ಲಿ ಸಸಿಗಳನ್ನು ತಡೆಯುವ ಕೆಲಸವನ್ನು ಮುಖ್ಯವಾಗಿ ಮಾಡುತ್ತಿರುವುದು ಗಾಳಿ, ತೆಳುಮಣ್ಣು ಮತ್ತು ಬೆಂಕಿ. ಏಣಿನ ಮೇಲೆ ನಿಂತರೆ ಗಾಳಿಯ ಮಾತು ಯಾರೂ ಹೇಳದೆ ತಿಳಿಯುತ್ತದೆ. ಜುಲೈ ತಿಂಗಳಿನಲ್ಲಿ ಸಮುದ್ರದಿಂದ ನೇರವಾಗಿ ಬಂದು ಬಡಿಯುವ ಗಾಳಿಗೆ ಇಲ್ಲಿ ಅಡ್ಡವೇನಿದೆ? ಮಣ್ಣಿನ ಬಡತನಕ್ಕೆ ಬೇರೊಂದು ಸಾಕ್ಷಿಯನ್ನು ಕಂಡೆವು. ಬಂಡೆಯ ಮೇಲೆ ನೀರು ಜಿನುಗುವ ಎಡೆಗಳಲ್ಲಿ ನೀಲಿಬಣ್ಣದ ಅತಿ ಪುಟ್ಟ ಹೂಗಳ ಹಾಸು. ಇವು ಕೀಟಾಹಾರಿ ಗಿಡಗಳು; ಬೇರಿನಂತಹ ಎಳೆಗಳಲ್ಲಿರುವ ಸಣ್ಣ ಚೀಲಗಳಿಂದ ನೀರಿನ ಸೂಕ್ಷ್ಮಜೀವಿಗಳನ್ನು ಹೀರಿಕೊಳ್ಳುತ್ತವೆ. ಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದೊಯ್ದ ಕಡೆ ಸಾರಜನಕಕ್ಕಾಗಿ ಗಿಡವೂ ಬೇಟೆಯಾಡಬೇಕಾಗುತ್ತದೆ. ಕೆಳಗಿನ ಇಳಿಜಾರುಗಳಲ್ಲಿ ಮನುಷ್ಯನ ಬೆಂಕಿಯ ಕೈವಾಡವೂ ಉಂಟೆಂಬುದನ್ನು ಒಪ್ಪಲೇಬೇಕು. ಅಂದರೆ ಬೋರ್ ಅವರೂ ಪೂರ್ತಿ ಸೋಲಲಿಲ್ಲ.

ಬಂಡಾಜೆಯ ಹಳ್ಳವು ಪ್ರಪಾತಕ್ಕೆ ಧುಮುಕುವ ಮುನ್ನ ಬಂಡೆಗಳ ನಡುವೆ ಹರಿಯುವ ಎಡೆಯಲ್ಲಿ ಬುತ್ತಿ ಬಿಚ್ಚಿದೆವು. ಘಟ್ಟದ ಇಂತಹ ಹಳ್ಳಗಳಲ್ಲಿ ಸೆಳವಿಗೆ ಕೊಚ್ಚಿಹೋಗದಂತೆ ಚಪ್ಪಟೆ ಹೊಟ್ಟೆಯಿಂದ ಕಲ್ಲಿಗೆ ಕಚ್ಚಿಕೊಳ್ಳುವ ಮೀನುಗಳ ಒಂದು ಬಳಗವೇ ಇದೆ. ಅವುಗಳ ಹತ್ತಿರದ ನೆಂಟರು ಇರುವುದು ಹಿಮಾಲಯದ ಹಳ್ಳಗಳಲ್ಲಿ. ನಡುವೆ ಬಹುದೂರದ ಒಣಬಯಲಿರುವಾಗ ಇವು ಬಂದುದು ಹೇಗೆ? ಭಾರತದ ಪ್ರಾಣಿಸಮೀಕ್ಷೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ ಅವರು 1940ರ ದಶಕದಲ್ಲಿ ಒಂದು ಧೀರವಾದ ಕಲ್ಪನೆಯನ್ನು ಮುಂದಿಟ್ಟರು: ಹಿಮಯುಗಗಳ ಕಾಲದಲ್ಲಿ ಸಾತ್ಪುರ ಬೆಟ್ಟಗಳೇ ಸೇತುವೆಯಾಗಿ ಹಿಮಾಲಯದ ಜೀವಿಗಳನ್ನು ಘಟ್ಟಕ್ಕೆ ದಾಟಿಸಿದುವು. ಈಚಿನ ವಂಶವಾಹಿ ಪರೀಕ್ಷೆಗಳು ಈ ಸೇತುವೆಗೆ ಅಷ್ಟಾಗಿ ಬೆಂಬಲ ಕೊಡುತ್ತಿಲ್ಲ. ನೀಲಗಿರಿಯ ಕಾಡುಮೇಕೆಯ ಕತೆ ಇದಕ್ಕೆ ಉದಾಹರಣೆ. ಹಿಮಾಲಯದ ‘ತಾರ್’ ಮೇಕೆಯ ಸೋದರನೆಂದು ಅದನ್ನು ಎಲ್ಲರೂ ನಂಬಿದ್ದರು. 2005ರ ಪರೀಕ್ಷೆಯಲ್ಲಿ ಅದು ಮೇಕೆಗಿಂತ ಕುರಿಗೆ ಹತ್ತಿರದ ನೆಂಟನೆಂದು ತಿಳಿದುಬಂದು, ಅದಕ್ಕೆ ಬೇರೆ ಕುಲದ ಹೆಸರನ್ನೇ ಕೊಡಬೇಕಾಯಿತು. ಹೋರಾ ಅವರ ಉತ್ತರ ಉಳಿಯದೆ ಹೋಗಬಹುದು. ಅವರು ಕೇಳಿದ ಪ್ರಶ್ನೆಯ ಬೆನ್ನು ಹತ್ತಿ ಎಷ್ಟೋ ಮಂದಿ ಹಳ್ಳಗಳಿಗಿಳಿದರು.

ಹುಲ್ಲುಗುಡ್ಡವನ್ನು ಬಂಜರೆಂದು ಬಗೆದುದರ ಫಲ ನೀಲಗಿರಿಯಲ್ಲಿ ಈಗಲೂ ಕಣ್ಣಿಗೆ ರಾಚುತ್ತದೆ. 1840ರ ದಶಕದಲ್ಲಿ ಬ್ರಿಟಿಷರು ಸೌದೆಗಾಗಿ ಆಸ್ಟ್ರೇಲಿಯದಿಂದ ಮರಗಳನ್ನು ತರಿಸಿ ಅಲ್ಲಿ ನೆಟ್ಟರು. ಅವು ಎಷ್ಟು ಹಬ್ಬಿದುವೆಂದರೆ ಆ ಪರದೇಶಿ ಮರಕ್ಕೆ ನಾವು ಕನ್ನಡದಲ್ಲಿ ನೀಲಗಿರಿ ಎಂದೇ ಹೆಸರಿಟ್ಟೆವು! ಸ್ವಾತಂತ್ರ್ಯ ಬಂದ ಮೇಲೆಯೂ ಮರ ನೆಡುವ ಉತ್ಸಾಹ ತಗ್ಗಲಿಲ್ಲ. ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳಲ್ಲಿ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ನೆಡುತೋಪು ಮತ್ತು ಬೇಸಾಯಕ್ಕೆ ಹೋಯಿತೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮ ಮಲೆನಾಡಿನ ಹುಲ್ಲುಗುಡ್ಡಗಳೂ ಅಕೇಶಿಯಾ, ನೀಲಗಿರಿ ಸಸಿಗಳ ಕಾಟದಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. ಕುದುರೆಮುಖದ ಕಡೆಯ ಗುಡ್ಡಗಳದು ಬೇರೆಯದೇ ಕತೆ: ಅಲ್ಲಿ ಸಿಕ್ಕ ಕಬ್ಬಿಣದ ಅದಿರಿಗಾಗಿ ಗುಡ್ಡಗಳನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿಯಲಾಯಿತು, 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದರೂ, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಗಣಿ ನಿಂತದ್ದು 2005ರ ಕೊನೆಯಲ್ಲಿ.

ಮರ ಹೆಚ್ಚಿದರೆ ನೀರು ಹೆಚ್ಚುತ್ತದೆಯೆಂಬ ಮಾತನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಊಟಿಯ ಮಣ್ಣು ಮತ್ತು ನೀರಿನ ಸಂರಕ್ಷಣಾ ಸಂಶೋಧನಾ ಕೇಂದ್ರದವರು ಗ್ಲೆನ್‌ಮಾರ್ಗನ್ ಎಂಬಲ್ಲಿ ಇದನ್ನು ಅಳೆದೇ ನೋಡಿದರು. ಅಕ್ಕಪಕ್ಕದ ಎರಡು ಪುಟ್ಟ ಕಣಿವೆಗಳಲ್ಲಿ ಒಂದನ್ನು ಹುಲ್ಲಿಗೆ ಬಿಟ್ಟು, ಇನ್ನೊಂದರಲ್ಲಿ ನೀಲಗಿರಿ ಮರ ನೆಟ್ಟು, ಎರಡರಿಂದಲೂ ಹರಿದು ಬರುವ ನೀರನ್ನು ವರ್ಷಗಟ್ಟಲೆ ಅಳೆದರು. ಮರ ನೆಟ್ಟ ಕಣಿವೆಯ ನೀರು ಮೊದಲ ಹತ್ತು ವರ್ಷಗಳಲ್ಲಿ ಸರಾಸರಿ ನೂರಕ್ಕೆ 16ರಷ್ಟು ಇಳಿಯಿತು. ಕಡಿದ ಬುಡದಿಂದ ಮತ್ತೆ ಚಿಗುರಿದ ಎರಡನೆಯ ಸರದಿಯಲ್ಲಿ ನೂರಕ್ಕೆ 25ರಷ್ಟು. ಆಳಕ್ಕೆ ಬೇರು ಬಿಟ್ಟ ಮರ ಬೇಸಗೆಯಲ್ಲಿಯೂ ನೀರನ್ನು ಹೀರಿ ಎಲೆಯಿಂದ ಗಾಳಿಗೆ ಬಿಡುತ್ತದೆ. ಹುಲ್ಲಾದರೋ ಬೇಸಗೆಯಲ್ಲಿ ಒಣಗಿ ಮಲಗಿಬಿಡುತ್ತದೆ. ಅದು ಕುಡಿಯದ ನೀರು ಕೆಳಗಿನ ಶೋಲಾದ ಮಡಿಕೆಗೆ ಜಿನುಗಿ ಹಳ್ಳವಾಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ನೇತ್ರಾವತಿಯ ಮಡುಗಳು ಬತ್ತುವುದನ್ನು ಕಂಡ ಬೆಳ್ತಂಗಡಿಯ ಅಡಿಕೆ ಬೆಳೆಗಾರನಿಗೆ ಈ ಲೆಕ್ಕದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಇನ್ನೊಂದು ಮುಖವನ್ನೂ ಈ ಸೀಮೆಯವರು ಕಂಡಿದ್ದಾರೆ. 2019ರ ಆಗಸ್ಟಿನ ಮಹಾಮಳೆಯಲ್ಲಿ ಚಾರ್ಮಾಡಿ ಘಾಟಿಯ ರಸ್ತೆ ಹಲವೆಡೆ ಕುಸಿದು ಸಂಚಾರವೇ ನಿಂತುಹೋಗಿತ್ತು.

ಹಿಂದಿರುಗುವಾಗ ಕೋಟೆಯ ಕೆಳಗಿನ ಶೋಲಾದ ಅಂಚನ್ನು ಮತ್ತೊಮ್ಮೆ ಬಗ್ಗಿ ನೋಡಿದೆವು. ಹುಲ್ಲಿನ ಎಡೆಯಲ್ಲಿ ಗೇಣುದ್ದದ ಮರದ ಸಸಿಗಳು ಅಲ್ಲಲ್ಲಿ ತಲೆಯೆತ್ತಿದ್ದುವು. ಅವು ಈ ಬೇಸಗೆಯ ಬೆಂಕಿಗೆ ಸಾಯುವುವೋ ಉಳಿಯುವುವೋ ಎಂಬುದರಲ್ಲಿ ಗಾಳಿಗೂ ಒಂದು ಪಾತ್ರವಿದೆ. ಬೀಸುವ ಗಾಳಿಯಲ್ಲ, ಗಾಳಿಯೊಳಗಿನ ಇಂಗಾಲಾಮ್ಲ. ಹಿಮಯುಗದಲ್ಲಿ ಹತ್ತು ಲಕ್ಷ ಪಾಲು ಗಾಳಿಗೆ ಇಂಗಾಲಾಮ್ಲವು 190 ಪಾಲಿನಷ್ಟು ಮಾತ್ರ ಇತ್ತು. ಆ ಬರಗಾಲದಲ್ಲಿ, ಸಿಕ್ಕಿದಷ್ಟನ್ನು ಒತ್ತಾಗಿಸಿಕೊಳ್ಳಬಲ್ಲ ಹುಲ್ಲಿಗೆ ಅನುಕೂಲ, ಮರಕ್ಕೆ ಕಷ್ಟ. ಕೈಗಾರಿಕೆಗಳು ಬರುವ ಮುಂಚೆ ಅದು 280 ಪಾಲು ಆಗಿತ್ತು. ಈಗ 420ನ್ನು ಮೀರಿದೆ. ಆಲ್ಪ್ಸಿನಲ್ಲಿ ಹಿಮನದಿಯನ್ನು ಕುಗ್ಗಿಸುತ್ತಿರುವ ಅನಿಲವೇ ಇಲ್ಲಿ ಹುಲ್ಲಿಗೆ ಇದ್ದ ಹಳೆಯ ಅನುಕೂಲವನ್ನು ಕಿತ್ತುಕೊಂಡು ಮರದ ಕೈಗೆ ಕೊಡುತ್ತಿದೆ. ಕೋಟೆಯ ಮುರುಕು ಗೋಡೆಯ ಒಂದು ಗೊತ್ತಾದ ಕಲ್ಲಿನ ಮೇಲೆ ಕ್ಯಾಮೆರಾ ಇಟ್ಟು, ಪ್ರತಿವರ್ಷ ಅಕ್ಟೋಬರದಲ್ಲಿ ಎದುರಿನ ಶೋಲಾದ ಒಂದೊಂದು ಚಿತ್ರವನ್ನು ತೆಗೆದಿಟ್ಟರೆ ಆ ಅಂಚು ಯಾವ ಕಡೆಗೆ ಸರಿಯುತ್ತಿದೆಯೆಂದು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಹೇಳಬಹುದು. ಇಂದು ಕಾಲೇಜಿನಲ್ಲಿ ಓದುತ್ತಿರುವವರು ಈಗ ಆರಂಭಿಸಿದರೆ, ಅವರ ಮಕ್ಕಳು ಹೈಸ್ಕೂಲು ಸೇರುವ ಹೊತ್ತಿಗೆ ಉತ್ತರ ಸಿಕ್ಕಿರುತ್ತದೆ.